‘ಅಳಿಯ’ ರಾಮರಾಯ, ಸರಿ... ಮಗಳ ಹೆಸರೇನು ಸ್ವಾಮಿ?

ಈ ಸಲ ದೀಪಾವಳಿಗೆ ಊರಿಗೆ ಹೊರಟಾಗ ಆಫೀಸಿನ ನಾಲ್ಕು ಜನ ಬೆನ್ನು ಹತ್ತಿದ್ದರು. ನಾನು ಹೊಸಪೇಟೆಯವಳು ಅಂತ ಗೊತ್ತಾದ ದಿನದಿಂದ ‘ಹಂಪಿ ತೋರಿಸು, ಹಂಪಿ ತೋರಿಸು’ ಅಂತ ಪ್ರಾಣ ತಿನ್ನುತ್ತಿದ್ದ ಗ್ಯಾಂಗು. ಬೆಳಿಗ್ಗೆ ಎಲ್ಲರಿಗೂ ಒಗ್ಗರಣಿ-ಮಿರ್ಚಿ ತಿನ್ನಿಸಿ ಸೀದಾ ವಿಠ್ಠಲ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಗೈಡ್ ಒಬ್ಬರನ್ನು ಮಾಡಿಕೊಂಡೆವು. ಒಳ್ಳೆ ಮಾತುಗಾರ. ಕಲ್ಲಿನ ರಥದ ಮುಂದೆ ಐವತ್ತರ ನೋಟು ಹಿಡಿಸಿ ಫೋಟೋ ತೆಗೆಸಿದರು, ಸಂಗೀತದ ಕಂಬಗಳ ಕಥೆ ಹೇಳಿದರು, ಕೊನೆಗೆ ‘ಅಳಿಯ ರಾಮರಾಯ ಒಬ್ಬ ನೆಟ್ಟಗಿದ್ದಿದ್ರ ಇದೆಲ್ಲಾ ಹಾಳಾಗ್ತಿರ್ಲಿಲ್ರೀ’ ಅಂತ ನಿಟ್ಟುಸಿರು ಬಿಟ್ಟರು.

ನಮ್ಮ ಗುಂಪಿನ ಡೆಲ್ಲಿ ಹುಡುಗಿ ‘ಅಳಿಯ ಅಂದ್ರೆ ಏನು, ಸರ್‌ನೇಮಾ?’ ಅಂದಳು. ಅಲ್ಲ ಕಣೇ, ದಾಮಾದ್ ಅಂತ ಅರ್ಥ ಅಂದೆ.

‘ಓಹೋ. ಹಾಗಿದ್ರೆ ಹುಡುಗಿ ಹೆಸರೇನು?’

ನಾನು ಗೈಡ್ ಮುಖ ನೋಡಿದೆ. ‘ಕೃಷ್ಣದೇವರಾಯರ ಮಗಳ್ರೀ ಮೇಡಂ’ ಅಂದರು. ಹೆಸರು? ‘ಹೆಸರೇನ್ರೀ... ಮಗಳು, ಅಷ್ಟ. ಬರ್ರಿ ಬರ್ರಿ, ಈ ಕಡೆ ನಿಂತ್ರ ಫೋಟೋ ಚೊಲೋ ಬರ್ತೈತಿ.’

ಗೈಡ್ ಮೇಲೆ ನನಗೇನೂ ಸಿಟ್ಟಿಲ್ಲ. ಹುಟ್ಟಿದ್ದು ಬೆಳೆದಿದ್ದು ಹಂಪಿಯಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ, ‘ಅಳಿಯ ರಾಮರಾಯ’ ಅನ್ನೋ ಹೆಸರನ್ನ ಸಾವಿರ ಸಲ ಬರೆದಿದ್ದೀನಿ, ಹೇಳಿದ್ದೀನಿ. ಒಂದು ಸಲವೂ, ಒಂದೇ ಒಂದು ಸಲವೂ ಯಾರ ಗಂಡನಾಗಿ ಈತ ಅಳಿಯನಾದ ಅಂತ ಯೋಚಿಸಿರಲಿಲ್ಲ. ಮನುಷ್ಯನ ಹೆಸರಿನ ಮುಂದೆಯೇ ಅವನ ಹೆಂಡತಿ ಕೂತಿದ್ದಾಳೆ, ನಮಗೆ ಕಾಣಿಸಿಲ್ಲ!

ಅವಮಾನ ಆಗಿದ್ದು ಅದಕ್ಕಲ್ಲ. ಇದೇ ಹುಡುಗಿ ಹಿಂದಿನ ರಾತ್ರಿ ಟ್ರೈನಿನಲ್ಲಿ ಯಾವುದೋ ಇಂಗ್ಲಿಷ್ ಸೀರಿಯಲ್ ನೋಡಿದ್ದನ್ನ ಹೇಳ್ತಾ ಯುರೋಪಿನ ಹೆಸ್ಸೆ ಅನ್ನೋ ಪುಟ್ಟ ಸಂಸ್ಥಾನದ ನಾಲ್ಕು ಅಕ್ಕತಂಗಿಯರ ಕಥೆ ಬಿಡಿಸಿದ್ದಳು. ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ಒಬ್ಬಳು ಬ್ರಿಟಿಷ್ ನೌಕಾಪಡೆಯ ಬ್ಯಾಟನ್‌ಬರ್ಗ್ ಲೂಯಿಗೆ, ಒಬ್ಬಳು ರಷ್ಯಾದ ಸೆರ್ಗೈಗೆ, ಒಬ್ಬಳು ಜರ್ಮನ್ ಚಕ್ರವರ್ತಿಯ ತಮ್ಮನಿಗೆ, ಕೊನೆಯ ಆಲಿಕ್ಸ್ ರಷ್ಯಾದ ಕಟ್ಟಕಡೆಯ ಜಾರ್ ನಿಕೊಲಾಸನಿಗೆ. 1914ರಲ್ಲಿ ಯುದ್ಧ ಶುರುವಾದಾಗ ಒಬ್ಬ ತಂಗಿ ಆ ಕಡೆ, ಉಳಿದ ಮೂವರು ಈ ಕಡೆ. 1918ರಲ್ಲಿ ರಷ್ಯಾಕ್ಕೆ ಹೋದ ಇಬ್ಬರೂ ಕ್ರಾಂತಿಕಾರಿಗಳ ಕೈಯಲ್ಲಿ ಸತ್ತರು. ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದ್ವಿ. ‘ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ ಬಿಡೇ’ ಅಂದಿದ್ದೆ ನಾನು! ಬುದ್ಧಿವಂತೆ!

ಊರಿಂದ ವಾಪಸ್ ಬಂದಮೇಲೆ ಒಂದು ತಿಂಗಳು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಈಗ ಕೇಳಿ.

ಬಿಜಾಪುರದ ಆದಿಲ್ ಶಾಹಿ ಮನೆತನ ಶುರು ಮಾಡಿದ ಯೂಸುಫ್ ಆದಿಲ್ ಶಾನಿಗೆ ಮೂವರು ಹೆಣ್ಣುಮಕ್ಕಳು. ತಾಯಿ ಮರಾಠಾ ಮನೆತನದ ಹೆಣ್ಣು, ಮದುವೆಯಾದಮೇಲೆ ಬೂಬೂಜಿ ಖಾನುಂ. ಫೆರಿಸ್ತಾ ಬರೆದಿರೋ ಪ್ರಕಾರ ಮರಿಯಂ ಅಹಮದನಗರದ ಬುರ್ಹಾನ್ ನಿಜಾಂ ಶಾನಿಗೆ, ಖದೀಜಾ ಬೇರಾರಿನ ಇಮಾದ್ ಶಾನಿಗೆ, ಇನ್ನೊಬ್ಬಳು ಬಹಮನಿ ರಾಜಕುಮಾರ ಅಹಮದನಿಗೆ. ಒಂದೇ ಮನೆಯ ಮೂರು ಹೆಣ್ಣು, ದಖ್ಖನಿನ ಮೂರು ಅರಮನೆ. ಹೆಸ್ಸೆಗಿಂತ ನಾನೂರು ವರ್ಷ ಹಿಂದೆ. ಎಲ್ಲಿ? ನಮ್ಮ ಬಿಜಾಪುರದಲ್ಲಿ ಸ್ವಾಮಿ!

ಇದರಲ್ಲಿ ಮರಿಯಂ ಮದುವೆ ಇದೆಯಲ್ಲ, ಅದನ್ನ ಬಿಟ್ಟು ತಾಳಿಕೋಟೆ ಕಥೆ ಹೇಳೋದು ನನ್ನ ಪ್ರಕಾರ ಅಪರಾಧ. 1524ರಲ್ಲಿ ಸೊಲ್ಲಾಪುರದಲ್ಲಿ ಮದುವೆ ಆಯ್ತು. ಸೊಲ್ಲಾಪುರದ ಕೋಟೆಯನ್ನೇ ವರದಕ್ಷಿಣೆಯಾಗಿ ಕೊಡ್ತೀವಿ ಅಂತ ಮಾತಾಗಿತ್ತು ಅಂತ ಗಂಡಿನ ಕಡೆಯವರು. ಹಾಗೇನೂ ಮಾತೇ ಆಗಿಲ್ಲ ಅಂತ ಹೆಣ್ಣಿನ ಕಡೆಯವರು. (ಎಲ್ಲೋ ಕೇಳಿದ ಹಾಗಿದೆಯಾ? ನಮ್ಮ ಓಣಿಯಲ್ಲಿ ಎರಡು ತೊಲ ಬಂಗಾರಕ್ಕೆ ಆಗೋದು ಅಲ್ಲಿ ಒಂದು ಕೋಟೆಗೆ ಆಗಿದೆ, ಅಷ್ಟೇ.) ಈ ಒಂದು ತಕರಾರಿಗೆ ಬಿಜಾಪುರ, ಅಹಮದನಗರ ನಲವತ್ತು ವರ್ಷ ಬಡಿದಾಡಿದವು. ಆ ಜಗಳದ ನಡುವೆ ನಿಂತು ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ಕೈ ಹಾಕಿ ದೊಡ್ಡವನಾದೋನು ಯಾರು? ನಮ್ಮ ಅಳಿಯ ರಾಮರಾಯ.

ಆ ಜಗಳ ನಿಂತಿದ್ದು ಹೇಗೆ? ಮತ್ತೆ ಮದುವೆಯಿಂದಲೇ. ಮರಿಯಂಳ ಕಾಲ ಮುಗಿದು ಒಂದು ತಲೆಮಾರು ದಾಟಿದ ಮೇಲೆ ಅಹಮದನಗರದಲ್ಲಿ ಹುಸೇನ್ ನಿಜಾಂ ಶಾ. ಅವನ ಒಬ್ಬ ಮಗಳು ಬೀಬಿ ಜಮಾಲಿ. ಅವಳನ್ನ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾನಿಗೆ ಕೊಟ್ಟ. ಮದುವೆ ನಡೆದಿದ್ದು ಕಲ್ಯಾಣದ ಹತ್ತಿರ, ಅಂದ್ರೆ ಈಗಿನ ಬಸವಕಲ್ಯಾಣ, ಸೈನ್ಯದ ಪಾಳೆಯದಲ್ಲಿ. ಮದುವೆ ಊಟ ಅರಗೋ ಮೊದಲೇ ರಾಮರಾಯನೂ ಬಿಜಾಪುರದ ಅಲಿ ಆದಿಲ್ ಶಾನೂ ಒಟ್ಟಿಗೆ ಏರಿ ಬಂದರು. ಹುಸೇನ ಮೆತ್ತಗಾದ. ಮುಂದೆ 1564ರ ಹೊತ್ತಿಗೆ ಅವನ ಇನ್ನೊಬ್ಬ ಮಗಳು ಚಾಂದ್ ಬೀಬಿ ಬಿಜಾಪುರದ ಇದೇ ಅಲಿ ಆದಿಲ್ ಶಾನ ಹೆಂಡತಿಯಾದಳು. ವಯಸ್ಸು ಹದಿನಾಲ್ಕರ ಆಸುಪಾಸು. ವರದಕ್ಷಿಣೆ ಏನು ಗೊತ್ತಾ? ಅದೇ ಸೊಲ್ಲಾಪುರ! ಈ ಕಡೆಯಿಂದ ಅಲಿಯ ತಂಗಿ ಹದಿಯಾ ಚಾಂದ್ ಬೀಬಿಯ ಒಡಹುಟ್ಟಿದ ಮುರ್ತುಜಾನಿಗೆ. ಹೆಣ್ಣು ಕೊಟ್ಟು ಹೆಣ್ಣು ತರೋ ವ್ಯವಹಾರ.

ಈಗ ಚಿತ್ರ ನೋಡಿ. ಅಕ್ಕತಂಗಿಯರಲ್ಲಿ ಒಬ್ಬಳು ಗೋಲ್ಕೊಂಡದಲ್ಲಿ, ಒಬ್ಬಳು ಬಿಜಾಪುರದಲ್ಲಿ, ಅಪ್ಪ ಅಹಮದನಗರದಲ್ಲಿ. 1565ರ ಜನವರಿ 23ರಂದು ರಕ್ಕಸಗಿ-ತಂಗಡಗಿ ಬಯಲಿನಲ್ಲಿ ರಾಮರಾಯನ ಎದುರು ನಿಂತಿದ್ದು ‘ಒಗ್ಗಟ್ಟಾದ ಸುಲ್ತಾನರು’ ಅಂತ ಪಾಠದಲ್ಲಿ ಓದ್ತೀವಲ್ಲ, ನಿಂತಿದ್ದವರು ಒಬ್ಬ ಮಾವ ಮತ್ತು ಅವನ ಇಬ್ಬರು ಅಳಿಯಂದಿರು. (ಬೀದರಿನವರೂ ಇದ್ದರು.) ಅತ್ತ ಕಡೆ ಇಬ್ಬರು ಅಳಿಯಂದಿರು, ಇತ್ತ ಕಡೆ ಒಬ್ಬ ಅಳಿಯ. ಹಂಪಿಯನ್ನ ಹಾಳು ಮಾಡಿದ್ದು ಬೀಗಸ್ತನ ಅಂದ್ರೆ ನಗಬೇಡಿ.

ಇಷ್ಟರಲ್ಲೇ ನಿಮ್ಮಲ್ಲಿ ಕೆಲವರು ಕಾಮೆಂಟ್ ಬಾಕ್ಸ್ ತೆರೆದು ‘ಅದು ಧರ್ಮಯುದ್ಧ, ಮದುವೆ ಗಿದುವೆ ಅಂತ ಮುಚ್ಚಿಹಾಕಬೇಡಿ’ ಅಂತ ಟೈಪ್ ಮಾಡ್ತಿದ್ದೀರಿ ಅಂತ ಗೊತ್ತು. ಮಾಡಿ. ಯುದ್ಧ ಗೆಲ್ಲೋಕೆ ಧರ್ಮದ ಹೆಸರನ್ನ ಎರಡೂ ಕಡೆಯವರು ಬಳಸಿದ್ದಾರೆ, ನಾನು ಇಲ್ಲ ಅನ್ನಲ್ಲ. ಆದ್ರೆ ಇದಕ್ಕೆ ಉತ್ತರ ಹೇಳಿ ಆಮೇಲೆ ಟೈಪ್ ಮಾಡಿ: ಇದೇ ಅಲಿ ಆದಿಲ್ ಶಾ 1558ರಲ್ಲಿ ಪಟ್ಟಕ್ಕೆ ಬಂದಮೇಲೆ, ರಾಮರಾಯನ ಮಗ ತೀರಿಕೊಂಡಾಗ, ನೂರೇ ಕುದುರೆ ಸವಾರರ ಜೊತೆ ಮಾತಾಡಿಸಿಕೊಂಡು ಹೋಗೋಕೆ ನಮ್ಮ ಹಂಪಿಗೆ ಬಂದಿದ್ದ. ಹೊಲಿದ ಕಣ್ಣೀರೋ ನಿಜವೋ, ಬಂದಿದ್ದಂತೂ ಹೌದು. ರಾಮರಾಯನ ಹೆಂಡತಿ ಆ ಬಿಜಾಪುರದ ಹುಡುಗನನ್ನ ತನ್ನ ಮಗ ಅಂತ ಸ್ವೀಕರಿಸಿದಳು ಅಂತ ಫೆರಿಸ್ತಾ ಬರೀತಾನೆ. ಮಗನನ್ನ ಕಳೆದುಕೊಂಡ ತಾಯಿ, ಶತ್ರು ಮನೆಯ ಹುಡುಗ. ನನಗೆ ಇಡೀ ವಿಜಯನಗರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದೃಶ್ಯ ಗೊತ್ತಿಲ್ಲ. ಯಾವ ನಾಟಕದಲ್ಲಿ ನೋಡಿದ್ದೀರಿ ಇದನ್ನ? ಯಾವ ಗೈಡ್ ಬಾಯಲ್ಲಿ? ಆರೇಳು ವರ್ಷದಲ್ಲಿ ಆ ‘ಮಗ’ನೇ ಚಾಂದ್ ಬೀಬಿಯ ಕೈ ಹಿಡಿದು ಎದುರು ಪಾಳೆಯಕ್ಕೆ ಹೋದ.

ಇನ್ನೊಂದು ಮಜಾ. ಆ ಸಲ ಅಲಿ ವಾಪಸ್ ಹೊರಟಾಗ ರಾಮರಾಯ ಕಳಿಸಿಕೊಡೋಕೆ ಹೊರಗೆ ಬರಲಿಲ್ಲವಂತೆ. ಅಲಿ ಅದನ್ನ ಮನಸ್ಸಿನಲ್ಲಿಟ್ಟುಕೊಂಡ. ಇದನ್ನ ಓದಿದಾಗ ಥಟ್ ಅಂತ ನೆನಪಾಗಿದ್ದು ಇನ್ನೊಂದು ಮದುವೆ, ಇದಕ್ಕೂ ನೂರೈವತ್ತು ವರ್ಷ ಹಿಂದಿನದು. ಒಂದನೇ ದೇವರಾಯ ಬಹಮನಿ ಫಿರೋಜ್ ಶಾನಿಗೆ ಸೋತು ಮಗಳನ್ನ ಕೊಟ್ಟ, ಬಂಕಾಪುರವನ್ನ ಬಳುವಳಿಯಾಗಿ ಬಿಟ್ಟುಕೊಟ್ಟ, ಮದುಮಗ ಬರೋ ದಾರಿಗೆ ಮೈಲಿಗಟ್ಟಲೆ ಮಕಮಲ್ಲು ಹಾಸಿದ್ದರು ಅಂತ ಅದೇ ಫೆರಿಸ್ತಾ. (ಈ ಮದುವೆ ನಡೆದೇ ಇಲ್ಲ ಅನ್ನೋ ಇತಿಹಾಸಕಾರರೂ ಇದ್ದಾರೆ, ಅದನ್ನೂ ಹೇಳಿಬಿಡ್ತೀನಿ.) ಎಲ್ಲ ಮುಗಿದು ಅಳಿಯ ಹೊರಟಾಗ ದೇವರಾಯ ಅರ್ಧ ದಾರಿಗೆ ಬಂದು ತಿರುಗಿ ಹೋದ. ಫಿರೋಜ್ ಶಾನಿಗೆ ಉರಿದುಹೋಯ್ತು. ಮುಂದಿನ ಹತ್ತು ಚಿಲ್ಲರೆ ವರ್ಷದಲ್ಲಿ ಪಾನಗಲ್‌ನಲ್ಲಿ ಮತ್ತೆ ಯುದ್ಧ. ಬೀಗರನ್ನ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಸ್ಸು ಹತ್ತಿಸಿ ಬರದಿದ್ರೆ ನಮ್ಮ ಕಡೆ ಮೂರು ವರ್ಷ ಮಾತು ಬಿಡ್ತಾರೆ. ಹಂಪಿಯ ಅರಸರಿಗೆ ನಮ್ಮಮ್ಮನಷ್ಟೂ ಬುದ್ಧಿ ಇರಲಿಲ್ಲ :-)

ಆ ಯುದ್ಧಕ್ಕೆ ಕಾರಣ ಅಂತ ಹೇಳೋ ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾಕಂದ್ರೆ ಅವಳು ಸುಂದರಿ, ಇಬ್ಬರು ರಾಜರು ಅವಳಿಗಾಗಿ ಹೊಡೆದಾಡಿದರು. ಆದರೆ ಮಕಮಲ್ಲಿನ ದಾರಿಯ ತುದಿಯಲ್ಲಿ ಕೂತಿದ್ದ ದೇವರಾಯನ ಮಗಳಿಗೆ ಹೆಸರೇ ಇಲ್ಲ. ಜಗಳಕ್ಕೆ ಕಾರಣ ಆದ ಹೆಣ್ಣಿಗೆ ಹೆಸರು, ಜಗಳ ಬಿಡಿಸೋಕೆ ಹೋದ ಹೆಣ್ಣಿಗೆ ‘ಮಗಳು, ಅಷ್ಟ’.

ಸರಿ, ಡೆಲ್ಲಿ ಹುಡುಗಿಯ ಪ್ರಶ್ನೆಗೆ ಉತ್ತರ. ತಿರುಮಲಾಂಬೆ. ಕೃಷ್ಣದೇವರಾಯನ ಮಗಳು, ಅರವೀಡು ಮನೆತನದ ರಾಮರಾಯನ ಹೆಂಡತಿ. ಕೃಷ್ಣದೇವರಾಯನ ಇನ್ನೊಬ್ಬ ಮಗಳು ವೆಂಗಳಾಂಬೆ, ರಾಮರಾಯನ ತಮ್ಮ ತಿರುಮಲನ ಹೆಂಡತಿ ಅಂತ ಇತಿಹಾಸದ ಪುಸ್ತಕಗಳೇ ಬರೀತವೆ. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ. ತಾಳಿಕೋಟೆ ಆದಮೇಲೆ ರಾಮರಾಯನ ತಲೆ ಹೋಯ್ತು. ತಿರುಮಲ ಖಜಾನೆಯನ್ನೂ, ಹೆಸರಿಗೆ ರಾಜನಾಗಿದ್ದ ಸದಾಶಿವನನ್ನೂ ಕಟ್ಟಿಕೊಂಡು ಪೆನುಗೊಂಡೆಗೆ ಓಡಿದ, ಆಮೇಲೆ ತಾನೇ ಪಟ್ಟ ಕಟ್ಟಿಕೊಂಡ. ಅವನ ನಂತರ ಆಳಿದ ಶ್ರೀರಂಗ, 1614ರ ತನಕ ರಾಜ್ಯವನ್ನ ಎತ್ತಿ ನಿಲ್ಲಿಸಿದ ವೆಂಕಟಪತಿ, ಇವರೆಲ್ಲ ವೆಂಗಳಾಂಬೆಯ ಮಕ್ಕಳು. ಆ ಲೆಕ್ಕದಲ್ಲಿ ಕೃಷ್ಣದೇವರಾಯನ ಮೊಮ್ಮಕ್ಕಳು.

‘ಕೃಷ್ಣದೇವರಾಯನಿಗೆ ಗಂಡು ಸಂತಾನ ಉಳೀಲಿಲ್ಲ, ವಂಶ ಮುಗೀತು’ ಅಂತ ಎಷ್ಟು ಸಲ ಕೇಳಿದ್ದೀರಿ? ಮುಗಿದಿಲ್ಲ ಕಣ್ರೀ. ಮಗಳ ಹೊಟ್ಟೆಯಲ್ಲಿ ಹುಟ್ಟಿದವರು ಅರ್ಧ ಶತಮಾನ ಆಳಿದ್ದಾರೆ. ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೇ.

ನಮ್ಮೂರಿಂದ ಹಂಪಿಗೆ ಹೋಗೋ ದಾರಿಯಲ್ಲಿ ಅನಂತಶಯನಗುಡಿ ಸಿಗುತ್ತಲ್ಲ, ಆ ಭಾರಿ ಗೋಪುರದ ಗುಡಿ. ಅದು 1524ರದ್ದು. ಆ ಊರಿಗೆ ಆಗ ಕೃಷ್ಣದೇವರಾಯನ ಮಗ ತಿರುಮಲನ ಹೆಸರಿಟ್ಟಿದ್ದರು. ಆ ಮಗು ಆರೇಳು ವರ್ಷಕ್ಕೇ ತೀರಿಕೊಂಡಿತು, ವಿಷ ಹಾಕಿದರು ಅಂತ ನೂನಿಜ್ ಬರೀತಾನೆ. ಪಾಪ, ಅದರ ಬಗ್ಗೆ ನನಗೆ ಬೇಜಾರಿದೆ. ಆದ್ರೆ ಬದುಕಿ, ಬಾಳಿದ ಇಬ್ಬರು ಅಕ್ಕತಂಗಿಯರ ಹೆಸರಿನ ಒಂದು ಮೈಲಿಗಲ್ಲೂ ಆ ದಾರಿಯಲ್ಲಿ ಇಲ್ಲ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ ಆದಾಗ ಸರ್ಕಲ್‌ಗೆ, ರಸ್ತೆಗೆ ಯಾರ ಹೆಸರಿಡಬೇಕು ಅಂತ ಊರಲ್ಲಿ ಮಾತಿಗೇನು ಕೊರತೆ ಇರಲಿಲ್ಲ. ಇವರಿಬ್ಬರ ಹೆಸರು ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ನಮ್ಮೂರಿನ ಹಳೇ ಹೆಸರು ನಾಗಲಾಪುರ. ಅದು ರಾಯನ ತಾಯಿ ನಾಗಲಾದೇವಿಯದ್ದು ಅಂತ ಕೆಲವರು, ಪೋರ್ಚುಗೀಸರ ಬರಹ ಹಿಡಿದು ಅವನ ಪ್ರೀತಿಯ ಹೆಂಡತಿಯದ್ದು ಅಂತ ಇನ್ನು ಕೆಲವರು. ತಾಯಿಯೋ ಹೆಂಡತಿಯೋ ತೀರ್ಮಾನ ಆಗೋದರೊಳಗೆ ಊರು ‘ಹೊಸ ಪೇಟೆ’ ಆಗಿಹೋಯ್ತು.

ಡೇಟಾಬೇಸ್ ಕೆಲಸ ಮಾಡೋರಿಗೆ ಗೊತ್ತು, ಎರಡು ಟೇಬಲ್ ಜೋಡಿಸೋಕೆ ನಡುವೆ ಒಂದು ಕೀ ಬೇಕು. ಆ ಕಾಲಂ ಡಿಲೀಟ್ ಮಾಡಿಬಿಟ್ರೆ ಎರಡೂ ಟೇಬಲ್ ಹಾಗೇ ಇರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಮಾತ್ರ ಗೊತ್ತಾಗಲ್ಲ. ಆಗ ‘ರಾಮರಾಯನ ಅಹಂಕಾರ’, ‘ಸುಲ್ತಾನರ ಅಸೂಯೆ’ ಅಂತ ಏನೇನೋ ಕಾರಣ ಕಟ್ಟಬೇಕಾಗುತ್ತೆ.

‘ಹೆಸರು ಗೊತ್ತಾಗಿ ಏನಾಗಬೇಕು, ಅವರೇನು ರಾಜ್ಯ ಆಳಿದ್ರಾ?’ ಅಂತ ನನ್ನ ಕಸಿನ್ ಒಬ್ಬ ಕೇಳಿದ. ಆಳಿದ್ರು ಮಾರಾಯ. 1580ರಲ್ಲಿ ಗಂಡ ಕೊಲೆಯಾದ ಮೇಲೆ ಒಂಬತ್ತು ವರ್ಷದ ಹುಡುಗ ಇಬ್ರಾಹಿಮನ ಹೆಸರಲ್ಲಿ ಬಿಜಾಪುರ ನೋಡಿಕೊಂಡಿದ್ದು ಚಾಂದ್ ಬೀಬಿ. ಅವಳನ್ನ ಸಾತಾರಾ ಕೋಟೆಯಲ್ಲಿ ಕೂಡಿಹಾಕಿದರು, ಬಿಡಿಸಿಕೊಂಡು ಬಂದಳು. ತವರಿಗೆ ಹೋದಮೇಲೆ 1595-96ರಲ್ಲಿ ಅಕ್ಬರನ ಮಗ ಮುರಾದನ ಸೈನ್ಯದ ಎದುರು ಅಹಮದನಗರದ ಕೋಟೆ ಕಾದಳು. 1600ರಲ್ಲಿ ಸ್ವಂತ ಕಡೆಯವರೇ ಕೊಂದರು. ಇನ್ನು ವಿಜಯನಗರಕ್ಕೆ ಬನ್ನಿ. ಅಚ್ಯುತರಾಯನ ರಾಣಿ ವರದಾಂಬೆ, ಗಂಡ 1542ರಲ್ಲಿ ಸತ್ತಮೇಲೆ ರಾಜ್ಯ ನುಂಗೋಕೆ ಬಂದ ಸ್ವಂತ ಒಡಹುಟ್ಟಿದವನ ವಿರುದ್ಧ ಮಗನ ಪರವಾಗಿ ಬಿಜಾಪುರದ ಸಹಾಯ ಕೇಳಿದಳು. ಅಚ್ಯುತರಾಯನ ನಾದಿನಿ ಮೂರ್ತಿಮಾಂಬೆಯ ಕೈ ಹಿಡಿದಿದ್ದರಿಂದಲೇ ಸೇವಪ್ಪ ನಾಯಕನಿಗೆ ತಂಜಾವೂರು ಬಂತು ಅಂತ ಅಲ್ಲಿನ ಪರಂಪರೆ ಹೇಳುತ್ತೆ. ತಂಜಾವೂರು ನಾಯಕರ ಇಡೀ ಮನೆತನ ನಮ್ಮ ಹಂಪಿಯ ಒಬ್ಬ ತಂಗಿಯ ಮದುವೆಯ ಮೇಲೆ ನಿಂತಿದೆ!

ಆಳೋದು ಬಿಡಿ. ವಿಠ್ಠಲ ದೇವಸ್ಥಾನದಲ್ಲಿ ನಾವು ಯಾವ ಗೋಪುರದ ಕೆಳಗೆ ಹಾದು ಒಳಗೆ ಹೋದ್ವೋ, ಆ ಗೋಪುರಗಳನ್ನ 1513ರಲ್ಲಿ ಕಟ್ಟಿಸಿದ್ದು ಕೃಷ್ಣದೇವರಾಯನ ರಾಣಿಯರಾದ ತಿರುಮಲದೇವಿ, ಚಿನ್ನಾದೇವಿ. ಅಲ್ಲೇ ಶಾಸನ ಇದೆ. ತಿರುಮಲೆ ಬೆಟ್ಟದ ಮೇಲೆ ರಾಯನ ಜೊತೆ ಅವರಿಬ್ಬರ ಲೋಹದ ಮೂರ್ತಿಗಳು ಹೆಸರಿನ ಸಮೇತ ನಿಂತಿವೆ. ಅವರು ಹೆಸರು ಕಲ್ಲಲ್ಲಿ ಕೆತ್ತಿಸಿ ಹೋದರು, ನಾವು ಓದಲ್ಲ. ಅದರ ಬದಲು ಹಂಪಿಯಲ್ಲಿ ಹೆಂಗಸರಿಗೆ ಏನು ಕೊಟ್ಟಿದ್ದೀವಿ ನೋಡಿ: ‘ರಾಣಿ ಸ್ನಾನಗೃಹ’ ಮತ್ತು ‘ಜನಾನಾ’. ಆ ಸ್ನಾನಗೃಹದಲ್ಲಿ ರಾಣಿಯರೇ ಸ್ನಾನ ಮಾಡ್ತಿದ್ದರು ಅನ್ನೋಕೆ ಪುರಾವೆ ಇಲ್ಲ. ಜನಾನಾ ಅನ್ನೋ ಆವರಣದ ಪಕ್ಕದಲ್ಲೇ ಆನೆ ಲಾಯ ಇದೆ, ಅದು ಅಂತಃಪುರ ಆಗಿತ್ತಾ ಅನ್ನೋದೇ ವಿದ್ವಾಂಸರಿಗೆ ಅನುಮಾನ. ಪುರಾವೆ ಇಲ್ಲದ ಕಡೆ ರಾಣಿ, ಪುರಾವೆ ಇರೋ ಕಡೆ ಐವತ್ತರ ನೋಟು!

ಇನ್ನೊಂದು ಜಾತಿಯ ಪ್ರತಿಕ್ರಿಯೆ ಇದೆ, ಅದು ನನಗೆ ಇನ್ನೂ ಸಿಟ್ಟು ತರಿಸುತ್ತೆ. ‘ಅಯ್ಯೋ ಪಾಪ, ಹೆಣ್ಣುಮಕ್ಕಳನ್ನ ಚದುರಂಗದ ಕಾಯಿ ಮಾಡಿಕೊಂಡರು.’ ಮಾಡಿಕೊಂಡರು, ಹೌದು. ಹದಿನಾಲ್ಕು ವರ್ಷದ ಹುಡುಗಿಯನ್ನ ಕೋಟೆಯ ಜೊತೆ ತೂಗಿ ಕೊಟ್ಟಿದ್ದರಲ್ಲಿ ನನಗೇನೂ ರಮ್ಯವಾಗಿ ಕಾಣಲ್ಲ. ಆದ್ರೆ ಪಾಪ ಅಂದು ಎದ್ದು ಹೋದರೆ ಹೆಸರು ಕಲಿಯೋ ಕೆಲಸ ತಪ್ಪುತ್ತೆ ನೋಡಿ, ಸುಲಭ. ನಮ್ಮೂರಿಂದ ಒಂದು ಗಂಟೆ ಬಸ್ಸಿನಲ್ಲಿ ಕಂಪ್ಲಿ. ಕುಮಾರರಾಮನ ಕಂಪ್ಲಿ ಅಂತ ಎಲ್ಲರೂ ಹೇಳ್ತೀವಿ, ಪರನಾರೀ ಸಹೋದರ ಅಂತ ಹಾಡ್ತೀವಿ. ಅವನಿಗಿಂತ ಮುಂಚೆ, ಹನ್ನೊಂದನೇ ಶತಮಾನದಲ್ಲಿ, ಅದು ಚಾಲುಕ್ಯರ ಊರು. ಚೋಳರು ಎರಡು ಸಲ ಬಂದು ಹಾಳು ಮಾಡಿದರು, ಎರಡನೇ ಸಲ ಸುಟ್ಟವನು ವೀರರಾಜೇಂದ್ರ. ಅದೇ ವೀರರಾಜೇಂದ್ರ ಕೆಲವೇ ವರ್ಷದಲ್ಲಿ ಇದೇ ತುಂಗಭದ್ರೆಯ ದಂಡೆಯಲ್ಲಿ ತನ್ನ ಮಗಳನ್ನ ಆರನೇ ವಿಕ್ರಮಾದಿತ್ಯನಿಗೆ ಕೊಟ್ಟು ಚಾಲುಕ್ಯ ಅಣ್ಣತಮ್ಮಂದಿರನ್ನ ಬೇರೆ ಮಾಡಿದ. ಬಿಲ್ಹಣ ಇಡೀ ಕಾವ್ಯವನ್ನೇ ಬರೆದ ವಿಕ್ರಮನ ಮೇಲೆ. ಆ ಮದುವೆಯನ್ನೂ ಬರೆದ. ಅವನಿಗೂ ಅವಳು ಚೋಳನ ಮಗಳು, ಅಷ್ಟ.

ಇದೆಲ್ಲ ಹಳೇ ಕಾಲದ್ದು ಅಂತೀರಾ? ಸಂಡೂರಿಗೆ ಬನ್ನಿ. ಘೋರ್ಪಡೆಯವರ ಗದ್ದುಗೆಗೆ 1928ರಲ್ಲಿ ವಾರಸುದಾರ ಬೇಕಾದಾಗ ಕರೆದುಕೊಂಡು ಬಂದಿದ್ದು ಗಜೇಂದ್ರಗಡದ ದಾಯಾದಿ ಮನೆಯ ಹುಡುಗನನ್ನ. ಇನ್ನೂ ಈಚೆಗೆ, 2016ರ ನವೆಂಬರಿನಲ್ಲಿ, ಜನ ಹಳೇ ನೋಟು ಹಿಡಿದು ಬ್ಯಾಂಕಿನ ಮುಂದೆ ಕ್ಯೂ ನಿಂತಿದ್ದ ವಾರದಲ್ಲೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ನಮ್ಮ ಬಳ್ಳಾರಿ ಕಡೆಯ ದೊಡ್ಡವರೊಬ್ಬರ ಮನೆ ಮದುವೆಗೆ ಹಂಪಿಯ ವಿಠ್ಠಲ ದೇವಸ್ಥಾನದ ಸೆಟ್ಟನ್ನೇ ಹಾಕಿದ್ದರು. ಟೀವಿಯವರು ಸೆಟ್ಟಿನ ಖರ್ಚು, ಸೀರೆ ಖರ್ಚು, ಆಮಂತ್ರಣದ ಖರ್ಚು ಎಲ್ಲ ಲೆಕ್ಕ ಹಾಕಿದರು. ಅಸಲಿ ಗೋಪುರ ಕಟ್ಟಿಸಿದ್ದು ಇಬ್ಬರು ಹೆಂಗಸರು ಅಂತ ಒಬ್ಬರೂ ಹೇಳಿದ್ದು ನಾನು ಕೇಳಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ವಿಠ್ಠಲ ದೇವಸ್ಥಾನದ ಬಾಗಿಲಲ್ಲಿ ಆ ಇಬ್ಬರ ಹೆಸರಿನ ಬೋರ್ಡು, ಕಣ್ಣಿಗೆ ಕಾಣೋ ಅಕ್ಷರದಲ್ಲಿ. ‘ಅಳಿಯ ರಾಮರಾಯ’ ಅಂತ ಬರೆಯೋ ಪ್ರತಿ ಪಾಠಪುಸ್ತಕದಲ್ಲಿ ಪಕ್ಕದಲ್ಲೇ ತಿರುಮಲಾಂಬೆ. ಹಂಪಿ ಮೇಲೆ ಬರೆಯೋ ಬ್ಲಾಗಿಗ ಮಿತ್ರರೇ, ನೀವೂ ಇಷ್ಟು ಮಾಡಿ. ಹಂಪಿ ಮೇಲೆ ನಾನೇ ಹಿಂದೆ ಬರೆದ ಮೂರು ಪೋಸ್ಟು ತೆಗೆದು ನೋಡಿದೆ, ಒಂದರಲ್ಲೂ ಒಬ್ಬ ಹೆಂಗಸಿನ ಹೆಸರಿಲ್ಲ. ತಿದ್ದಿದ್ದೀನಿ.

ಅದೇ ದೀಪಾವಳಿಗೆ ದೊಡ್ಡಪ್ಪ ನಮ್ಮ ಮನೆತನದ ವಂಶಾವಳಿಯನ್ನ ಫ್ಲೆಕ್ಸ್ ಮಾಡಿಸಿ ಪಡಸಾಲೆಯಲ್ಲಿ ಹಾಕಿಸಿದ್ದರು. ಏಳು ತಲೆಮಾರು. ಖುಷಿಯಿಂದ ನೋಡೋಕೆ ಹೋದೆ. ನಮ್ಮಪ್ಪನ ಹೆಸರಿನ ಕೆಳಗೆ ನನ್ನ ತಮ್ಮ. ಮುಗೀತು.

‘ದೊಡ್ಡಪ್ಪ, ನಾನೆಲ್ಲಿ?’

‘ಹೆಣ್ಮಕ್ಕಳು ಕೊಟ್ಟ ಮನಿ ವಂಶಾವಳ್ಯಾಗ ಬರ್ತಾರವ್ವಾ.’

‘ಹಂಗಾರ ನಮ್ಮ ಮನಿಗೆ ಬಂದೋರು? ದೊಡ್ಡಮ್ಮ ಎಲ್ಲದಾಳ ಇದರಾಗ?’

ದೊಡ್ಡಪ್ಪ ಫ್ಲೆಕ್ಸ್ ಕಡೆ ನೋಡಿದರು. ದೊಡ್ಡಮ್ಮ ಒಳಗಿಂದ ನಕ್ಕಿದ್ದು ಕೇಳಿಸಿತು. ಕೊನೆಗೆ ಮಾರ್ಕರ್ ಕೊಟ್ಟು ‘ಬರಕೋ ಹೋಗವ್ವಾ, ಖಾಲಿ ಜಾಗ ಭಾಳ ಐತಿ’ ಅಂದರು. ಬರೀತಾ ಕೂತೆ. ನಾನು, ಅಮ್ಮ, ದೊಡ್ಡಮ್ಮ, ಮೂರು ಜನ ಅತ್ತೆಯರು, ಅಜ್ಜಿ. ಅಜ್ಜನ ತಾಯಿಯ ಹೆಸರಿಗೆ ಬಂದಾಗ ನಿಂತೆ. ಅಜ್ಜಿಯನ್ನ ಕೇಳಿದರೆ ‘ನಮ್ಮತ್ತಿಗೆ ಎಲ್ಲಾರೂ ಗೌಡ್ತಿ ಅಂತಿದ್ರು, ಹೆಸರು ನಿಂಗವ್ವ ಇರಬೇಕು... ಇಲ್ಲಾ ಗಂಗವ್ವ’ ಅಂದಳು. ದೊಡ್ಡಪ್ಪ ಗಂಗವ್ವ ಅಂತಾರೆ, ಸಣ್ಣತ್ತೆ ನಿಂಗವ್ವ ಅಂತಾಳೆ. ಕಂಪ್ಲಿಯಲ್ಲಿ ಅವರ ತವರಿನ ಕಡೆಯವರು ಒಬ್ಬರಿದ್ದಾರಂತೆ. ಸಂಕ್ರಾಂತಿಗೆ ಊರಿಗೆ ಹೋದಾಗ ಕೇಳಿಕೊಂಡು ಬರಬೇಕು.